ಕೋಡಿ ಇಲ್ಲದ ಕೆರೆ: ಲೋಣಾರ್ ನೀರು ಕೆಂಪಾದ ಪ್ರಕರಣ

2020ರ ಜೂನ್ ಎರಡನೇ ವಾರ ಮಹಾರಾಷ್ಟ್ರದ ಲೋಣಾರ್ ಸರೋವರದ ಫೋಟೋ ಎಲ್ಲರ ಫೋನಿಗೂ ಬಂತು. ಸುತ್ತ ದುಂಡನೆಯ ಗುಡ್ಡದ ಗೋಡೆ, ನಡುವೆ ತಟ್ಟೆಯಂಥ ನೀರು, ಆ ನೀರಿಡೀ ಗುಲಾಬಿ ಕೆಂಪು. ಎರಡು ಮೂರು ವಾರದ ಹಿಂದೆ ಅದೇ ನೀರು ಹಸಿರಾಗಿತ್ತು. ನಾಸಾ ಬಿಡುಗಡೆ ಮಾಡಿದ ಮೇ 25ರ ಮತ್ತು ಜೂನ್ 10ರ ಉಪಗ್ರಹ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಬದಲಾವಣೆ ಎದ್ದು ಕಾಣುತ್ತದೆ.

ಲಾಕ್‌ಡೌನ್ ಆಗಷ್ಟೇ ಸಡಿಲವಾಗುತ್ತಿದ್ದ ದಿನಗಳು. ಮೊದಲೇ ಜನರಿಗೆ ದಿಗಿಲು. ಅದರ ಮೇಲೆ ಇದು ಉಲ್ಕೆ ಬಿದ್ದ ಜಾಗ, ಲವಣಾಸುರನನ್ನು ವಿಷ್ಣು ಕೊಂದ ಎಂಬ ಕಥೆ ಇರುವ ಜಾಗ. ಅಂಥ ಕಡೆ ನೀರು ಕೆಂಪಾಯಿತು ಅಂದರೆ ಮಾತು ಹಬ್ಬದೆ ಇರುತ್ತದೆಯೇ? "ಸರೋವರಕ್ಕೆ ಏನಾಯಿತು?" ಎಂಬ ಪ್ರಶ್ನೆ ಎಲ್ಲ ಕಡೆ ಓಡಾಡಿತು. ನನಗೆ ಅದಕ್ಕಿಂತ ಜಾಸ್ತಿ ಕಾಡಿದ್ದು ಇನ್ನೊಂದು: ಈ ಸರೋವರದಲ್ಲಿ ಯಾರ್ಯಾರು ಇದ್ದಾರೆ? ಅದು ಗೊತ್ತಾದರೆ ಕೆಂಪು ಬಣ್ಣದ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಉಷ್ಣವಲಯದ ಸರೋವರಗಳಲ್ಲಿ ಎಷ್ಟು ಬಗೆಯ ಸೂಕ್ಷ್ಮಜೀವಿಗಳು ಹೇಗೆ ಒಟ್ಟಿಗೆ ಬಾಳುತ್ತವೆ ಎಂಬುದನ್ನು ಅರ್ಥ ಮಾಡಿಕೊಳ್ಳಲು ನಮ್ಮ ನೆರೆಯಲ್ಲೇ ಇರುವ ಈ ಒಂದು ಪ್ರಕರಣ ಸಾಕು.

ಜಾಗದ ವಿವರ

ಲೋಣಾರ್ ಇರುವುದು ಮಹಾರಾಷ್ಟ್ರದ ವಿದರ್ಭ ಭಾಗದ ಬುಲ್ಡಾಣ ಜಿಲ್ಲೆಯಲ್ಲಿ. ನಮ್ಮ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯ ಕರಿಕಲ್ಲಿಗೂ ಅಲ್ಲಿಯ ಕಲ್ಲಿಗೂ ಮೂಲ ಒಂದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಗಟ್ಟಿಯಾದ ಲಾವಾ ಅದು. ಈ ಕಲ್ಲಿಗೆ ಬಸಾಲ್ಟ್ ಎನ್ನುತ್ತಾರೆ. ಆ ಬಸಾಲ್ಟ್ ನೆಲಕ್ಕೆ ಒಂದು ದಿನ ಆಕಾಶದಿಂದ ಬಂಡೆ ಬಂದು ಅಪ್ಪಳಿಸಿತು. ಸುಮಾರು 1.8 ಕಿಲೋಮೀಟರ್ ಅಗಲದ ಗುಂಡಿ ಬಿತ್ತು. ಅದರ ತಳದಲ್ಲಿ ಈಗ ಸುಮಾರು 1.2 ಕಿಲೋಮೀಟರ್ ಅಗಲದ ನೀರಿದೆ.

ಇದು ಉಲ್ಕೆಯ ಗುಂಡಿಯೋ ಜ್ವಾಲಾಮುಖಿಯ ಬಾಯಿಯೋ ಎಂಬ ಜಗಳ ಬಹಳ ಕಾಲ ನಡೆಯಿತು. 1823ರಲ್ಲಿ ಬ್ರಿಟಿಷ್ ಅಧಿಕಾರಿ ಅಲೆಕ್ಸಾಂಡರ್ ಈ ಜಾಗವನ್ನು ಗುರುತಿಸಿ ಬರೆದ. 1973ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಲೇಖನ ಜಗಳವನ್ನು ಮುಗಿಸಿತು. ಭಾರಿ ಹೊಡೆತಕ್ಕೆ ಸಿಕ್ಕಾಗ ಮಾತ್ರ ಆಗುವ ಗಾಜು ಅಲ್ಲಿಯ ಕಲ್ಲಿನಲ್ಲಿ ಸಿಕ್ಕಿತ್ತು. ವಯಸ್ಸಿನ ಲೆಕ್ಕವೂ ಬದಲಾಗಿದೆ. ಮೊದಲು ಸುಮಾರು 50,000 ವರ್ಷ ಎನ್ನುತ್ತಿದ್ದರು. 2011ರಲ್ಲಿ ಆರ್ಗಾನ್ ವಿಧಾನದಿಂದ ಅಳೆದಾಗ ಸುಮಾರು 5,70,000 ವರ್ಷ ಬಂತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ನಮ್ಮ ಕಡೆ ಕೆರೆ ಅಂದರೆ ಏರಿ ಇರುತ್ತದೆ, ತೂಬು ಇರುತ್ತದೆ, ಕೋಡಿ ಇರುತ್ತದೆ. ಮಳೆ ಜಾಸ್ತಿಯಾದರೆ ಕೋಡಿ ಬಿದ್ದು ನೀರು ಮುಂದಿನ ಕೆರೆಗೆ ಹೋಗುತ್ತದೆ. ನೀರಿನ ಜೊತೆ ಅದರಲ್ಲಿ ಕರಗಿದ ಉಪ್ಪೂ ಹೋಗುತ್ತದೆ. ಲೋಣಾರ್‌ಗೆ ಕೋಡಿ ಇಲ್ಲ. ಗುಂಡಿಯ ಗೋಡೆಯಿಂದ ಸಿಹಿನೀರಿನ ಒರತೆಗಳು ಹರಿದು ಬರುತ್ತವೆ. ಮೇಲಿರುವ ಧಾರಾ ತೀರ್ಥದಲ್ಲಿ ಜನ ಸ್ನಾನ ಮಾಡುತ್ತಾರೆ. ಮಳೆನೀರೂ ಇಳಿದು ಬರುತ್ತದೆ. ಆದರೆ ಬಂದ ನೀರಿಗೆ ಹೊರಗೆ ಹೋಗುವ ದಾರಿ ಆವಿಯೊಂದೇ. ಆವಿ ಉಪ್ಪನ್ನು ಒಯ್ಯುವುದಿಲ್ಲ, ಅಲ್ವಾ? ಕಲ್ಲಿನಿಂದ ಕರಗಿ ಬಂದದ್ದೆಲ್ಲ ತಳದಲ್ಲೇ ಉಳಿಯುತ್ತದೆ. ಸಾವಿರಾರು ವರ್ಷದಿಂದ ಇದು ಹೀಗೇ ನಡೆದಿದೆ.

ದಡದಲ್ಲಿ ಕಮಲಜಾ ದೇವಿಯ ಗುಡಿ ಇದೆ. ಗುಡಿಯ ಹತ್ತಿರ ಒಂದು ಬಾವಿ. ಊರವರು ಅದನ್ನು ಅತ್ತೆ-ಸೊಸೆ ಬಾವಿ ಎನ್ನುತ್ತಾರೆ. ಒಂದು ಬದಿಯ ನೀರು ಸಿಹಿ, ಇನ್ನೊಂದು ಬದಿಯದು ಉಪ್ಪು ಎಂಬುದು ಅವರ ಮಾತು. ಯಾವ ಬದಿ ಅತ್ತೆ, ಯಾವ ಬದಿ ಸೊಸೆ ಎಂದು ಹೇಳುವುದು ಹೇಳುವವರ ಮೇಲೆ ಹೋಗುತ್ತದೆ! ಸಿಹಿಯೂ ಉಪ್ಪೂ ಇಷ್ಟು ಹತ್ತಿರ ಇರುವ ಜಾಗ ಇದು ಎಂಬುದನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ನೀರಿನ ಗುಣ

ಈ ನೀರು ಬರೀ ಉಪ್ಪುನೀರಲ್ಲ. ಅಡುಗೆ ಉಪ್ಪು, ಬಟ್ಟೆ ಸೋಡಾ, ಅಡುಗೆ ಸೋಡಾ ಮೂರನ್ನೂ ನೀರಿಗೆ ಹಾಕಿ ಕದಡಿದರೆ ಏನಾಗುತ್ತದೋ ಹೆಚ್ಚು ಕಡಿಮೆ ಅದು. ಇಂಥ ಸರೋವರಗಳನ್ನು ಸೋಡಾ ಸರೋವರ ಎಂದು ಕರೆಯುತ್ತಾರೆ. ನಮ್ಮ ಹಳ್ಳಿಗಳಲ್ಲಿ ಹಿಂದೆ ಸೌಳು ಮಣ್ಣಿನಲ್ಲಿ ಬಟ್ಟೆ ಒಗೆಯುತ್ತಿದ್ದರು. ಆ ಮಣ್ಣಿನ ಗುಣವೇ ಇಲ್ಲಿ ನೀರಿಗೆ ಬಂದಿದೆ. ಅಕ್ಬರನ ಕಾಲದ ಐನ್-ಇ-ಅಕ್ಬರಿಯಲ್ಲೂ ಇಲ್ಲಿ ಗಾಜಿಗೆ, ಸಾಬೂನಿಗೆ ಬೇಕಾದ ಸಾಮಗ್ರಿ ಸಿಗುತ್ತದೆ ಎಂಬ ಮಾತಿದೆ.

ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂದು ಹೇಳುವ ಅಂಕಿಗೆ ಪಿಎಚ್ ಎನ್ನುತ್ತಾರೆ. ಇಲ್ಲಿ ಅದು ಸುಮಾರು 10ರ ಆಸುಪಾಸು. ಬರೀ ನೀರಿನದು 7. ಒಂದೊಂದು ಅಂಕಿ ಮೇಲೆ ಹೋದಂತೆ ಕ್ಷಾರ ಹತ್ತು ಪಟ್ಟು ಏರುತ್ತದೆ. ಅಂದರೆ 7ರಿಂದ 10ಕ್ಕೆ ಸಾವಿರ ಪಟ್ಟು. ಇದನ್ನು ಕಣ್ಣಾರೆ ನೋಡಬೇಕು ಅಂದರೆ ಮನೆಯಲ್ಲೇ ಒಂದು ಲೋಟ ನೀರಿಗೆ ಚಮಚ ಬಟ್ಟೆ ಸೋಡಾ ಹಾಕಿ, ಮೇಲೆ ಚಿಟಿಕೆ ಅರಿಶಿನ ಉದುರಿಸಿ. ನಾನು ಹಾಗೆ ಮಾಡಿದೆ. ಅರಿಶಿನ ನೀರಿಗೆ ತಾಗಿದ ಕಡೆಯೆಲ್ಲ ಕೆಂಪು ಎಳೆಗಳು ಬಿಟ್ಟುಕೊಂಡು, ಸೌಟು ಆಡಿಸುವಷ್ಟರಲ್ಲಿ ಇಡೀ ಲೋಟ ಆರತಿ ತಟ್ಟೆಯ ಓಕುಳಿಯ ಹಾಗೆ ಆಯಿತು. ಆರತಿಗೆ ಅರಿಶಿನಕ್ಕೆ ಸುಣ್ಣ ಬೆರೆಸಿದಾಗ ಆಗುವುದೂ ಇದೇ.

ಈ ನೀರಿನಲ್ಲಿ ಯಾವ ಜೀವ ಬದುಕೀತು ಅನಿಸುತ್ತದೆ. ಕೈ ಹಾಕಿದರೆ ಜಾರುತ್ತದೆ, ಕುಡಿಯುವ ಮಾತೇ ಇಲ್ಲ. ನಿಜ ಏನೆಂದರೆ, ಸೋಡಾ ಸರೋವರಗಳು ಭೂಮಿಯ ಮೇಲೆ ಅತಿ ಹೆಚ್ಚು ಜೀವರಾಶಿ ಹುಟ್ಟಿಸುವ ಜಾಗಗಳಲ್ಲಿ ಸೇರಿವೆ. ಹಸಿರು ಜೀವಿಗಳಿಗೆ ಬಿಸಿಲು ಬೇಕು, ಇಂಗಾಲ ಬೇಕು. ಉಷ್ಣವಲಯದಲ್ಲಿ ಬಿಸಿಲಿಗೆ ಬರವಿಲ್ಲ. ಸೋಡಾ ಅಂದರೇನೇ ನೀರಿನಲ್ಲಿ ಕರಗಿದ ಇಂಗಾಲದ ದಾಸ್ತಾನು. ಬೇರೆ ಕೆರೆಗಳಲ್ಲಿ ಇಂಗಾಲ ಗಾಳಿಯಿಂದ ನಿಧಾನಕ್ಕೆ ಕರಗಿ ಬರಬೇಕು. ಇಲ್ಲಿ ಆ ಕಾಯುವಿಕೆ ಇಲ್ಲ. ಕ್ಷಾರ ತಡೆದುಕೊಳ್ಳಬಲ್ಲ ಜೀವಿಗೆ ಇದು ಸದಾ ತೆರೆದ ಅನ್ನಛತ್ರ.

ಯಾರ್ಯಾರು ಇದ್ದಾರೆ

ಮೊದಲು ಕಣ್ಣಿಗೆ ಬೀಳುವವರು ಹಸಿರಿನವರು. ಲೋಣಾರ್‌ನ ನೀರಿಗೆ ವರ್ಷದ ಬಹುಪಾಲು ಹಸಿರು ಬಣ್ಣ ಕೊಡುವುದು ಸಯನೋಬ್ಯಾಕ್ಟೀರಿಯಾ, ಅಂದರೆ ಗಿಡಗಳ ಹಾಗೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ. ಅದರಲ್ಲೂ ಆರ್ಥ್ರೋಸ್ಪೈರಾ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡ ಹಸಿರು ದಾರ. ನಮಗೆ ಇದರ ಪರಿಚಯ ಬೇರೆ ಹೆಸರಿನಲ್ಲಿದೆ: ಸ್ಪಿರುಲಿನಾ. ಮೆಡಿಕಲ್ ಶಾಪಿನಲ್ಲಿ ಮಾತ್ರೆಯಾಗಿ ಸಿಗುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದನ್ನು ಕಡಲೆಬೀಜದ ಚಿಕ್ಕಿಗೆ ಬೆರೆಸಿ ಮಕ್ಕಳಿಗೆ ಪೌಷ್ಟಿಕ ತಿಂಡಿ ರೂಪಿಸಿತು. ಆಫ್ರಿಕಾದ ಚಾಡ್ ಸರೋವರದ ದಡದಲ್ಲಿ ಕಾನೆಂಬು ಹೆಂಗಸರು ಇದನ್ನೇ ಬಸಿದು, ಮರಳ ಮೇಲೆ ಒಣಗಿಸಿ, 'ದಿಹೆ' ಎಂಬ ಬಿಲ್ಲೆ ಮಾಡಿ ಸಾರಿಗೆ ಹಾಕುತ್ತಾರೆ. ಚಿಕ್ಕ ರಾಜಹಂಸಗಳಿಗೂ ಇದೇ ಮುಖ್ಯ ಆಹಾರ.

ಹಸಿರಿನವರು ಸತ್ತ ಮೇಲೆ ಅವರನ್ನು ಕೊಳೆಸುವವರು ಬೇಕು. ಅಲ್ಲಿಂದ ಮುಂದೆ ಕಥೆ ಕಣ್ಣಿಗೆ ಕಾಣುವುದಿಲ್ಲ. ಕ್ಷಾರವನ್ನು ಇಷ್ಟಪಡುವ ಬ್ಯಾಕ್ಟೀರಿಯಾಗಳು ಸತ್ತ ದಾರಗಳ ಪ್ರೋಟೀನನ್ನೂ ಪಿಷ್ಟವನ್ನೂ ಕತ್ತರಿಸುತ್ತವೆ. ಸಾಬೂನಿನಂಥ ನೀರಿನಲ್ಲೂ ಕೆಲಸ ಮಾಡುವ ಕಿಣ್ವ ಅವುಗಳದು. ಬಟ್ಟೆ ಒಗೆಯುವ ಪುಡಿಗೆ ಬೇಕಾದದ್ದೂ ಅಂಥದೇ ಕಿಣ್ವ. ಹಾಗಾಗಿ ಉದ್ಯಮಗಳಿಗೆ ಇಂಥ ಸರೋವರಗಳ ಮೇಲೆ ಕಣ್ಣು.

ನೀರು ಕೆಲವೇ ಮೀಟರ್ ಆಳ. ಆದರೂ ಕೆಳಗೆ ಹೋದಂತೆ ಆಮ್ಲಜನಕ ಮುಗಿದುಹೋಗುತ್ತದೆ. ತಳದ ಕೆಸರು ಕಪ್ಪು. ಕದಡಿದರೆ ಕೊಳೆತ ಮೊಟ್ಟೆಯ ವಾಸನೆ. ಆ ವಾಸನೆ ಗಂಧಕದ ಲವಣಗಳನ್ನು ಉಸಿರಾಟಕ್ಕೆ ಬಳಸುವ ಬ್ಯಾಕ್ಟೀರಿಯಾಗಳ ಕೆಲಸ. ಅದೇ ಕೆಸರಿನಲ್ಲಿ ಮೀಥೇನ್ ಅನಿಲ ಮಾಡುವ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳೂ ಇವೆ. ಗೋಬರ್ ಗ್ಯಾಸ್ ಗುಂಡಿಯೊಳಗೆ ಕೆಲಸ ಮಾಡುವವರ ನೆಂಟರು ಇವರು. ಮೀಥೇನ್ ಮೇಲೇಳುವ ದಾರಿಯಲ್ಲಿ ಅದನ್ನು ಹಿಡಿದು ತಿನ್ನುವ ಬ್ಯಾಕ್ಟೀರಿಯಾಗಳು ಬೇರೆ. ಮೀಥೇನ್, ಮೆಥನಾಲ್‌ನಂಥ ಒಂದೇ ಇಂಗಾಲದ ಅಣುಗಳನ್ನು ತಿಂದು ಬದುಕುವ ಇವುಗಳ ಮೇಲೆ ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ ವಿಜ್ಞಾನಿಗಳು ವಿದೇಶದ ಜೊತೆಗಾರರೊಂದಿಗೆ ಬಹಳ ಕೆಲಸ ಮಾಡಿದ್ದಾರೆ.

ಇವರೆಲ್ಲ ಇದ್ದಾರೆಂದು ಗೊತ್ತಾದದ್ದು ಹೇಗೆ ಎಂಬುದೇ ಒಂದು ಕಥೆ. ಹಳೆಯ ವಿಧಾನದಲ್ಲಿ ಗಾಜಿನ ತಟ್ಟೆಯಲ್ಲಿ ಆಹಾರ ಇಟ್ಟು, ಮೇಲೆ ಒಂದು ಹನಿ ನೀರು ಬಿಟ್ಟು, ಏನು ಬೆಳೆಯುತ್ತದೋ ನೋಡಬೇಕು. ತೊಂದರೆ ಏನೆಂದರೆ ಬಹುಪಾಲು ಸೂಕ್ಷ್ಮಜೀವಿಗಳು ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ಮನೆಗೆ ಕರೆದು ಊಟಕ್ಕೆ ಹಾಕಿದರೂ ಮುಟ್ಟದ ನೆಂಟರ ಹಾಗೆ. ಹೊಸ ವಿಧಾನದಲ್ಲಿ ಬೆಳೆಸುವ ಗೋಜೇ ಇಲ್ಲ. ನೀರಿನಿಂದಲೂ ಕೆಸರಿನಿಂದಲೂ ನೇರವಾಗಿ ಡಿಎನ್‌ಎ ತೆಗೆಯುತ್ತಾರೆ. ಅದರಲ್ಲಿ 16ಎಸ್ ಎಂಬ ಒಂದು ವಂಶವಾಹಿಯನ್ನು ಓದುತ್ತಾರೆ. ಬ್ಯಾಕ್ಟೀರಿಯಾ, ಆರ್ಕಿಯಾ ಎಲ್ಲದರಲ್ಲೂ ಅದು ಇದೆ, ಆದರೆ ಒಂದೊಂದು ಕುಲದಲ್ಲಿ ಅಕ್ಷರಗಳು ಸ್ವಲ್ಪ ಬೇರೆ. ಮನೆತನದ ಹೆಸರು ಓದಿದ ಹಾಗೆ. 2006ರಲ್ಲಿ ಲೋಣಾರ್‌ನ ನೀರು, ಕೆಸರನ್ನು ಹೀಗೆ ಓದಿದ ಅಧ್ಯಯನ ಪ್ರಕಟವಾದಾಗ ಬ್ಯಾಕ್ಟೀರಿಯಾಗಳ ಹಲವು ದೊಡ್ಡ ಶಾಖೆಗಳು ಒಂದೇ ಗುಂಡಿಯಲ್ಲಿ ಸಿಕ್ಕಿದವು.

ಬೆಳೆಸಲು ಸಾಧ್ಯವಾದವುಗಳಿಗೆ ಹೆಸರಿಟ್ಟಿದ್ದಾರೆ. ಇಂಡಿಬ್ಯಾಕ್ಟರ್ ಆಲ್ಕಲಿಫಿಲಸ್, ಮಿಥೈಲೋಫೇಗಾ ಲೋಣಾರೆನ್ಸಿಸ್, ಸೀಸೆಂಬಿಯಾ ಲೋಣಾರೆನ್ಸಿಸ್. ಕೊನೆಯದರ ಹೆಸರು ನನಗೆ ತುಂಬ ಇಷ್ಟ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯಲ್ಲಿ ಅದನ್ನು ಗುರುತಿಸಿದರು. ಸಂಸ್ಥೆಯ ಹೆಸರಿನ ಅಕ್ಷರಗಳನ್ನೇ ಉಚ್ಚರಿಸಿ ಸೀಸೆಂಬಿಯಾ ಮಾಡಿದರು, ಊರಿನ ಹೆಸರನ್ನು ಹಿಂದೆ ಸೇರಿಸಿದರು. ಬುಲ್ಡಾಣದ ಒಂದು ಪುಟ್ಟ ಊರು ಹೀಗೆ ಜಗತ್ತಿನ ಜೀವಿಗಳ ಪಟ್ಟಿಯಲ್ಲಿ ಕಾಯಂ ಆಗಿ ಉಳಿಯಿತು.

ತನಿಖೆ

ಈಗ 2020ರ ಜೂನ್‌ಗೆ ಬರೋಣ. ಬಣ್ಣ ಬದಲಾದ ಸುದ್ದಿ ಹರಡುತ್ತಿದ್ದಂತೆ ಅರಣ್ಯ ಇಲಾಖೆ ನೀರಿನ ಮಾದರಿ ತೆಗೆಸಿತು. ಸರೋವರದ ರಕ್ಷಣೆಯ ವಿಚಾರ ಬಾಂಬೆ ಹೈಕೋರ್ಟಿನ ನಾಗಪುರ ಪೀಠದ ಮುಂದೆಯೂ ಇತ್ತು. ಮಾದರಿಗಳು ಎರಡು ಕಡೆಗೆ ಹೋದವು. ಒಂದು ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಗೆ, ಇನ್ನೊಂದು ಪುಣೆಯ ಆಘರ್ಕರ್ ಸಂಶೋಧನಾ ಸಂಸ್ಥೆಗೆ.

ನೀರು ಕೆಂಪಾಗಲು ಹಲವು ಕಾರಣ ಇರಬಹುದು. ಕೆಮ್ಮಣ್ಣು ಕೊಚ್ಚಿ ಬಂದಿರಬಹುದು. ಆದರೆ ಮಳೆ ಇನ್ನೂ ಹಿಡಿದಿರಲಿಲ್ಲ, ಆ ಸೀಮೆಯ ಮಣ್ಣು ಬೇರೆ ಕಪ್ಪು. ಇನ್ನು ಉಳಿದದ್ದು ಜೀವಿಗಳು. ಉಪ್ಪು ಏರಿದಾಗ ಕೆಂಪಾಗುವ ಎರಡು ಬಳಗ ಪ್ರಸಿದ್ಧ. ಒಂದು ಡ್ಯುನಾಲಿಯೆಲ್ಲಾ ಎಂಬ ಪಾಚಿ. ಹುಟ್ಟಿನಿಂದ ಹಸಿರು, ಆದರೆ ಬಿಸಿಲೂ ಉಪ್ಪೂ ಜಾಸ್ತಿಯಾದರೆ ಗಜ್ಜರಿಯಲ್ಲಿರುವ ಕೆರೋಟಿನ್ ಬಣ್ಣವನ್ನು ಮೈತುಂಬ ತುಂಬಿಕೊಳ್ಳುತ್ತದೆ. ಇನ್ನೊಂದು ಹ್ಯಾಲೋಆರ್ಕಿಯಾ, ಅಂದರೆ ಉಪ್ಪು ಮೆಚ್ಚುವ ಆರ್ಕಿಯಾ. ಇರಾನಿನ ಉರ್ಮಿಯಾ ಸರೋವರ 2016ರಲ್ಲಿ ಕೆಂಪಾದಾಗಲೂ ಈ ಎರಡು ಬಳಗಗಳ ಹೆಸರೇ ಬಂದಿತ್ತು. ಲೋಣಾರ್‌ನಲ್ಲೂ ಮೊದಲ ಅನುಮಾನ ಡ್ಯುನಾಲಿಯೆಲ್ಲಾ ಮೇಲೆಯೇ ಹೋಯಿತು.

ಪುಣೆಯ ಪ್ರಯೋಗಾಲಯದಲ್ಲಿ ಸಿಕ್ಕಿದ್ದು ಹ್ಯಾಲೋಆರ್ಕಿಯಾ. ಜುಲೈ ಕೊನೆಯ ಹೊತ್ತಿಗೆ ಆ ವರದಿ ಹೊರಬಂತು. ಸಂಸ್ಥೆಯ ನಿರ್ದೇಶಕ ಪ್ರಶಾಂತ್ ಢಾಕೆಫಾಲ್ಕರ್ ಕಾರಣವನ್ನೂ ವಿವರಿಸಿದರು. ಮಳೆ ಇರಲಿಲ್ಲ, ಜನರ ಓಡಾಟ ಕಡಿಮೆ ಇತ್ತು, ಬಿಸಿಲು ಜೋರಾಗಿತ್ತು. ನೀರು ಆವಿಯಾಗಿ ಉಪ್ಪೂ ಪಿಎಚ್‌ಊ ಏರಿದವು. ಹ್ಯಾಲೋಆರ್ಕಿಯಾಗೆ ಹದ ಕೂಡಿ ಬಂತು.

ಇಡೀ ತನಿಖೆಯಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಒಂದು ಚಿಕ್ಕ ಸಂಗತಿ. ಜೀವರಾಶಿ ತಳಕ್ಕೆ ಇಳಿದಾಗ ಮೇಲಿನ ನೀರು ತಿಳಿಯಾಯಿತು. ಬಣ್ಣ ನೀರಿನಲ್ಲಿ ಕರಗಿದ್ದರೆ ಎಷ್ಟು ಹೊತ್ತು ಇಟ್ಟರೂ ಅದು ತಿಳಿಯಾಗುತ್ತಿರಲಿಲ್ಲ. ನನ್ನ ಲೋಟದ ಓಕುಳಿ ಮಾರನೆಯ ದಿನವೂ ಬಣ್ಣ ಬಿಟ್ಟಿರಲಿಲ್ಲ. ಲೋಣಾರ್‌ನ ನೀರು ಒಂದು ಕ್ಷಣವೂ ಕೆಂಪಾಗಿರಲಿಲ್ಲ. ಅದರೊಳಗೆ ತೇಲುತ್ತಿದ್ದವರು ಕೆಂಪಾಗಿದ್ದರು. ಹೀಗೆ ಕೆಂಪಾದ ಉಪ್ಪುನೀರಿನಲ್ಲಿ ಒಂದೊಂದು ಮಿಲಿಲೀಟರಿಗೆ ಕೋಟಿಗಟ್ಟಲೆ ಜೀವಿಗಳು ಇರುತ್ತವೆ.

ಈ ಕೆಂಪಿನವರು ಯಾರು

ಆರ್ಕಿಯಾ ಎಂದರೆ ಬ್ಯಾಕ್ಟೀರಿಯಾ ಅಲ್ಲ. ನೋಡಲು ಹಾಗೇ ಕಾಣುತ್ತವೆ, ಅಷ್ಟೇ ಪುಟ್ಟವು. ಹಾಗಾಗಿ ಬಹಳ ಕಾಲ ಒಂದೇ ಗುಂಪಿಗೆ ಹಾಕಿದ್ದರು. 1977ರಲ್ಲಿ ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ ಎಂಬ ಅಮೆರಿಕದ ವಿಜ್ಞಾನಿಗಳು ಆಗಲೇ ಹೇಳಿದ ಆ 'ಮನೆತನದ ಹೆಸರನ್ನು' ಓದಿ, ಇವು ಬೇರೆಯೇ ಶಾಖೆ ಎಂದು ತೋರಿಸಿದರು.

ಹ್ಯಾಲೋಆರ್ಕಿಯಾ ಉಪ್ಪಿನ ಜೊತೆ ಬಾಳುವ ರೀತಿ ವಿಚಿತ್ರ. ಉಪ್ಪಿನಕಾಯಿಗೆ ಉಪ್ಪು ಹಾಕಿದರೆ ಮಾವಿನ ಹೋಳು ನೀರು ಬಿಟ್ಟು ಸುಕ್ಕಾಗುತ್ತದೆ. ಸಾಮಾನ್ಯ ಜೀವಕೋಶಕ್ಕೂ ಅದೇ ಗತಿ. ಹ್ಯಾಲೋಆರ್ಕಿಯಾ ಅದನ್ನು ತಪ್ಪಿಸಲು ತನ್ನ ಒಳಗೂ ಹೊರಗಿನಷ್ಟೇ ಲವಣ ತುಂಬಿಕೊಳ್ಳುತ್ತದೆ. ಹೊರಗೆ ಸೋಡಿಯಂ ಇದ್ದರೆ ಒಳಗೆ ಪೊಟ್ಯಾಸಿಯಂ. ಎರಡೂ ಬದಿ ಸಮವಾದ ಮೇಲೆ ನೀರು ಎಳೆಯುವ ಪ್ರಶ್ನೆ ಇಲ್ಲ. ಆದರೆ ಇದಕ್ಕೆ ಬೆಲೆ ತೆರಬೇಕು. ಅವುಗಳ ಪ್ರೋಟೀನುಗಳು ಉಪ್ಪಿಲ್ಲದೆ ನೆಟ್ಟಗೆ ನಿಲ್ಲುವುದೇ ಇಲ್ಲ. ಸಿಹಿನೀರಿಗೆ ಹಾಕಿದರೆ ಎಷ್ಟೋ ಜಾತಿಗಳು ಒಡೆದು ಹೋಗುತ್ತವೆ.

ಕೆಂಪು ಬಣ್ಣ ಬ್ಯಾಕ್ಟೀರಿಯೋರೂಬೆರಿನ್ ಎಂಬ ವರ್ಣದ್ರವ್ಯದ್ದು. ಬೇಸಿಗೆಯ ಬಿಸಿಲಿನಲ್ಲಿ, ನೆರಳಿಲ್ಲದ ಆಳವಿಲ್ಲದ ನೀರಿನಲ್ಲಿ, ಜೀವಕೋಶವನ್ನು ಸುಡದಂತೆ ಕಾಪಾಡುವುದು ಅದರ ಕೆಲಸ. ಕೆಲವು ಜಾತಿಗಳಲ್ಲಿ ಇನ್ನೊಂದು ನೇರಳೆ ಪ್ರೋಟೀನೂ ಇದೆ, ಬ್ಯಾಕ್ಟೀರಿಯೋರೊಡಾಪ್ಸಿನ್. 1971ರಲ್ಲಿ ಅದರ ಬಗ್ಗೆ ಮೊದಲ ವರದಿ ಬಂತು. ಎಲೆಹಸಿರಿನ ಸಹಾಯ ಇಲ್ಲದೆಯೇ ಬೆಳಕನ್ನು ಹಿಡಿದು ಶಕ್ತಿಯಾಗಿ ಬಳಸುವ ಉಪಾಯ ಅದು.

ನಮ್ಮ ಕರಾವಳಿಯವರು ಈ ಬಳಗವನ್ನು ಗೊತ್ತಿಲ್ಲದೆಯೇ ನೋಡಿರಬಹುದು. ಉಪ್ಪು ಹಾಕಿ ಒಣಗಿಸಿಟ್ಟ ಮೀನಿನ ಮೇಲೆ ತೇವ ಹಿಡಿದಾಗ ಕೆಲವೊಮ್ಮೆ ಗುಲಾಬಿ ಕಲೆ ಏಳುತ್ತದೆ. ಅಂಥ ಕಲೆಗೆ ಹ್ಯಾಲೋಆರ್ಕಿಯಾ ಕಾರಣ. ಜಗತ್ತಿನ ಎಷ್ಟೋ ಉಪ್ಪಿನ ಆಗರಗಳಲ್ಲಿ ನೀರು ಬತ್ತಿ ಉಪ್ಪು ಕಟ್ಟುವ ಹೊತ್ತಿಗೆ ಕೆಂಪಾಗುವುದೂ ಇವುಗಳಿಂದಲೇ. ಕೀನ್ಯಾದ ಮಗಾಡಿ ಎಂಬ ಸೋಡಾ ಸರೋವರದಲ್ಲಿ ಉಪ್ಪೂ ಕ್ಷಾರವೂ ಎರಡೂ ಬೇಕೇ ಬೇಕು ಎನ್ನುವ ಜಾತಿಗಳು ಸಿಕ್ಕಿವೆ. 1984ರಲ್ಲಿ ಅವುಗಳಿಗೆ ನೇಟ್ರೋನೋಬ್ಯಾಕ್ಟೀರಿಯಂ, ನೇಟ್ರೋನೋಕಾಕಸ್ ಎಂದು ಹೆಸರಿಟ್ಟರು.

ಎಲ್ಲಿಂದ ಬಂದರು

ಸರಿ, ಮೇ ತಿಂಗಳಲ್ಲಿ ಹಸಿರು ನೀರು, ಜೂನ್‌ನಲ್ಲಿ ಕೆಂಪು. ಎರಡು ಮೂರು ವಾರದಲ್ಲಿ ಇಷ್ಟೊಂದು ಹ್ಯಾಲೋಆರ್ಕಿಯಾ ಎಲ್ಲಿಂದ ಬಂತು?

ದೋಸೆ ಹಿಟ್ಟನ್ನು ನೆನಪು ಮಾಡಿಕೊಳ್ಳಿ. ಅಕ್ಕಿ, ಉದ್ದು ನೆನೆಸಿ ರುಬ್ಬಿ ರಾತ್ರಿ ಮುಚ್ಚಿಡುತ್ತೇವೆ. ಯಾರೂ ಹೆಪ್ಪು ಹಾಕುವುದಿಲ್ಲ. ಬೆಳಗ್ಗೆ ಹಿಟ್ಟು ಉಬ್ಬಿ ಹುಳಿ ಬಂದಿರುತ್ತದೆ. ಹುಳಿ ಬರಿಸಿದವರು ಉದ್ದಿನಬೇಳೆಯ ಮೈಮೇಲೆಯೇ ಇದ್ದರು. ನೀರು, ಬಿಸಿ, ಹೊತ್ತು ಮೂರೂ ಕೂಡಿದಾಗ ಹೆಚ್ಚಿಕೊಂಡರು. ಅದೇ ಹಿಟ್ಟನ್ನು ಇನ್ನೊಂದು ದಿನ ಬಿಟ್ಟರೆ ಹುಳಿ ತಡೆದುಕೊಳ್ಳಬಲ್ಲ ಇನ್ನೊಂದು ಗುಂಪು ಮೇಲುಗೈ ಪಡೆಯುತ್ತದೆ. ಪಾತ್ರೆ ಒಂದೇ, ಪಾಳಿ ಬದಲಾಗುತ್ತದೆ.

ಲೋಣಾರ್‌ನಲ್ಲೂ ಹೀಗೇ ಎಂದು ನನಗೆ ಅನಿಸುತ್ತದೆ. ದಡದಲ್ಲಿ ನೀರು ಹಿಂದೆ ಸರಿದ ಕಡೆ ಉಪ್ಪಿನ ಹೊಪ್ಪಳಿಕೆ ಕಟ್ಟುತ್ತದೆ. ಸರೋವರದ ನಡುವೆ ಉಪ್ಪು ಕಡಿಮೆ ಇದ್ದಾಗಲೂ ಆ ಹೊಪ್ಪಳಿಕೆಯೊಳಗೆ ಜಾಸ್ತಿ ಇರುತ್ತದೆ. ಉಪ್ಪಿನ ಹರಳು ಕಟ್ಟುವಾಗ ಒಳಗೆ ಸಿಕ್ಕಿಬೀಳುವ ನೀರಿನ ಬಿಂದುವಿನಲ್ಲಿ ಹ್ಯಾಲೋಆರ್ಕಿಯಾ ಬಹಳ ಕಾಲ ಜೀವ ಹಿಡಿದಿರಬಲ್ಲದು ಎಂಬುದು ಬೇರೆ ಕಡೆಯ ಅಧ್ಯಯನಗಳಿಂದ ಗೊತ್ತಾಗಿದೆ. ಅತ್ತೆ-ಸೊಸೆ ಬಾವಿಯ ಮಾತು ಹೇಳಿದ್ದು ಇದಕ್ಕೇ. ಒಂದೇ ಗುಂಡಿಯೊಳಗೆ ಸಿಹಿಯ ಮೂಲೆ, ಉಪ್ಪಿನ ಮೂಲೆ, ಕ್ಷಾರದ ನಡುಭಾಗ, ಗಾಳಿಯಿಲ್ಲದ ಕೆಸರು ಎಲ್ಲ ಇವೆ. ಒಂದೊಂದು ಮೂಲೆಯಲ್ಲಿ ಒಂದೊಂದು ಗುಂಪು ಸಣ್ಣ ಸಂಖ್ಯೆಯಲ್ಲಿ ಕಾದಿರುತ್ತದೆ. ಜೀವವೈವಿಧ್ಯ ಎಂದು ನಾವು ಪಟ್ಟಿ ಮಾಡುವುದರಲ್ಲಿ ಬಹುಪಾಲು ಹೀಗೆ ಕಾದು ಕೂತವರೇ.

ಚಳಿ ದೇಶಗಳ ಸರೋವರಗಳಲ್ಲಿ ಪಾಳಿ ಬದಲಾಗುವುದು ಮಂಜಿನಿಂದ. ಚಳಿಗಾಲದಲ್ಲಿ ಮೇಲ್ಮೈ ಹೆಪ್ಪುಗಟ್ಟುತ್ತದೆ, ವಸಂತದಲ್ಲಿ ಕರಗುತ್ತದೆ. ನಮ್ಮ ಕಡೆ ಆ ಕೆಲಸ ಮಾಡುವುದು ಮಳೆ. ಬೇಸಿಗೆ ನೀರನ್ನು ಬತ್ತಿಸಿ ಉಪ್ಪನ್ನು ಏರಿಸುತ್ತದೆ, ಮುಂಗಾರು ತೊಳೆದು ಇಳಿಸುತ್ತದೆ. ಲೋಣಾರ್‌ನ ಪಾಳಿ ಮುಂಗಾರಿನ ಕೈಯಲ್ಲಿದೆ.

2020ರಲ್ಲಿ ಆದದ್ದೂ ಹಾಗೇ. ಮಳೆ ಹಿಡಿಯಿತು. ನೀರು ತೆಳುವಾಯಿತು, ಉಪ್ಪೂ ಕ್ಷಾರವೂ ಇಳಿದವು. ಹಸಿರು ಮತ್ತೆ ಚಿಗುರತೊಡಗಿದ್ದನ್ನು ಪುಣೆಯ ವಿಜ್ಞಾನಿಗಳು ಕಂಡರು. ಕೆಂಪು ಹೋಯಿತು.

ಹಿಂದೆಯೂ ಆಗಿರಬಹುದೇ

ಸರೋವರದ ತಳದಲ್ಲಿ ಕೆಸರು ವರ್ಷಾವರ್ಷ ಕೂಡುತ್ತ ಬಂದಿದೆ. ಭಾರತ ಮತ್ತು ಜರ್ಮನಿಯ ವಿಜ್ಞಾನಿಗಳು ಕೊಳವೆ ಇಳಿಸಿ ಸುಮಾರು 10 ಮೀಟರ್ ಉದ್ದದ ಕೆಸರಿನ ಕಂಬ ಎತ್ತಿದರು. ಅದರಲ್ಲಿ ಸುಮಾರು 11,000 ವರ್ಷದ ಲೆಕ್ಕ ಇದೆ. ಎರಡು ಕಡೆ ಗೇಲುಸೈಟ್ ಎಂಬ ಖನಿಜದ ಹರಳು ಸಿಕ್ಕಿತು. ನೀರು ಬಹಳ ಬತ್ತಿ, ಲವಣ ಬಹಳ ಗಟ್ಟಿಯಾದಾಗ ಕಟ್ಟುವ ಹರಳು ಅದು. ಒಂದು, ಈಗ್ಗೆ ಸುಮಾರು 4,600ರಿಂದ 3,900 ವರ್ಷಗಳ ಹಿಂದಿನ ಅವಧಿ. ಇನ್ನೊಂದು, ಸುಮಾರು 2,000ದಿಂದ 600 ವರ್ಷಗಳ ಹಿಂದಿನದು. ಎರಡೂ ಮುಂಗಾರು ಸೊರಗಿದ ಕಾಲ.

ಈ ಸಂಗತಿ ನನಗೆ ದೊಡ್ಡದು ಅನಿಸಿತು. ಆ ಶತಮಾನಗಳಲ್ಲಿ ನೀರು 2020ರ ಒಂದು ಬೇಸಿಗೆಗಿಂತ ಎಷ್ಟೋ ಹೆಚ್ಚು ಕಾಲ ಗಟ್ಟಿಯಾಗಿಯೇ ಇದ್ದಿರಬೇಕು. ಆಗ ಅಂಚಿನಲ್ಲಿ ನಿಂತು ನೋಡಿದವರಿಗೆ ಕೆಂಪು ನೀರು ಸುದ್ದಿಯೇ ಆಗಿರಲಿಕ್ಕಿಲ್ಲ. ಇದು ನನ್ನ ಊಹೆ. ಹರಳು ಮಾತ್ರ ಗಟ್ಟಿ ಸಾಕ್ಷಿ.

ಈಗಿನ ಚಿಂತೆ

ಪ್ರಕರಣದ ವರ್ಷವೇ, 2020ರ ನವೆಂಬರ್‌ನಲ್ಲಿ, ಲೋಣಾರ್ ಜಗತ್ತಿನ ಮಹತ್ವದ ಜೌಗು ತಾಣಗಳ ರಾಮ್ಸರ್ ಪಟ್ಟಿಗೆ ಸೇರಿದ್ದು ಪ್ರಕಟವಾಯಿತು. ಮಹಾರಾಷ್ಟ್ರಕ್ಕೆ ಅದು ಎರಡನೆಯ ರಾಮ್ಸರ್ ತಾಣ. ಸುತ್ತಲಿನ ಕಾಡು 2000ದಿಂದಲೇ ವನ್ಯಧಾಮ. ದಡದಲ್ಲಿ ಹಬ್ಬಿದ್ದ ಬಳ್ಳಾರಿ ಜಾಲಿಯನ್ನು ಕೀಳಿಸುವ ಕೆಲಸವೂ ನಡೆಯಿತು. ಜಾಲಿ ಎಂಥ ಹಠಮಾರಿ ಎಂಬುದು ನಮ್ಮ ಬಯಲುಸೀಮೆಯವರಿಗೆ ಹೇಳಬೇಕಾಗಿಲ್ಲ.

ನನ್ನ ಭಯ ಇರುವುದು ಬೇರೆ ಕಡೆ. ಗುಂಡಿಯ ಅಂಚಿನಲ್ಲೇ ಊರಿದೆ. ಊರಿನ ಚರಂಡಿ ನೀರು ಇಳಿಜಾರಿನಲ್ಲಿ ಸರೋವರ ಸೇರುತ್ತದೆ ಎಂಬ ದೂರು ವರ್ಷಗಳಿಂದ ಇದೆ. ಕೋಡಿ ಇಲ್ಲದ ಕೆರೆಗೆ ಬಂದ ಕೊಳೆ ಅಲ್ಲೇ ಉಳಿಯುತ್ತದೆ. ಜೊತೆಗೆ ಹೊರಗಿನ ನೀರು ವರ್ಷಪೂರ್ತಿ ಸೇರುತ್ತಿದ್ದರೆ ಉಪ್ಪೂ ಕ್ಷಾರವೂ ನಿಧಾನಕ್ಕೆ ಇಳಿಯುತ್ತ ಹೋಗುತ್ತವೆ. ಮುಂಗಾರಿನ ಇಳಿತ ಬೇಸಿಗೆಗೆ ಮತ್ತೆ ಏರುತ್ತದೆ. ಈ ಇಳಿತ ಏರುವುದಿಲ್ಲ. ಕ್ಷಾರ 10ರಿಂದ 9ಕ್ಕೆ ಬಂದರೆ ಯಾವ ಉಪಗ್ರಹದ ಚಿತ್ರದಲ್ಲೂ ಎದ್ದು ಕಾಣುವುದಿಲ್ಲ. ಯಾರ ಫೋನಿಗೂ ಫೋಟೋ ಬರುವುದಿಲ್ಲ. ಆದರೆ ಅಷ್ಟು ಹೊತ್ತಿಗೆ ಸೋಡಾ ನೀರಿಗೇ ಒಗ್ಗಿಕೊಂಡ ಎಷ್ಟೋ ಗುಂಪುಗಳು ಜಾಗ ಬಿಟ್ಟಿರುತ್ತವೆ. ಸಾಮಾನ್ಯ ಕೆರೆಯ ಜೀವಿಗಳು ಬಂದು ಕೂತಿರುತ್ತವೆ. ಹೆಸರಿಟ್ಟವು ಹೋದರೆ ಗೊತ್ತಾದರೂ ಆಗುತ್ತದೆ. 16ಎಸ್ ಅಕ್ಷರಗಳಲ್ಲಿ ಮಾತ್ರ ಕಂಡು, ಇನ್ನೂ ಯಾರೂ ಬೆಳೆಸಲಾಗದವು ಎಷ್ಟಿವೆಯೋ.

ಹಾಗಾಗಿ ಈ ಪ್ರಕರಣದಿಂದ ನಾನು ಕೇಳುವುದು ತುಂಬ ಸಣ್ಣದು. ಬಣ್ಣ ಬದಲಾದಾಗ ಮಾತ್ರ ಬಾಟಲಿ ಹಿಡಿದು ಓಡುವುದು ಸಾಲದು. ತಿಂಗಳಿಗೊಮ್ಮೆ ಒಂದೇ ನಾಲ್ಕು ಜಾಗದಿಂದ ನೀರು ತೆಗೆಯಬೇಕು: ಒರತೆಯ ಬಾಯಿ, ಚರಂಡಿ ಸೇರುವ ಕಡೆ, ನಡುಭಾಗ, ಉಪ್ಪು ಕಟ್ಟಿದ ದಡ. ಪಿಎಚ್ ಅಳೆಯಬೇಕು, ಉಪ್ಪು ಅಳೆಯಬೇಕು, ಒಂದು ಚಮಚ ಕೆಸರನ್ನು ಚೀಟಿ ಅಂಟಿಸಿ ಫ್ರೀಜರಿನಲ್ಲಿಡಬೇಕು. ಮೇ ತಿಂಗಳ ಹಸಿರು ನೀರಿನಲ್ಲಿ ಹ್ಯಾಲೋಆರ್ಕಿಯಾ ಎಷ್ಟಿತ್ತು, ಯಾವ ಮೂಲೆಯಲ್ಲಿತ್ತು ಎಂಬುದನ್ನು ಅಂಥ ಒಂದು ಚಮಚ ಕೆಸರು ಹೇಳಬಲ್ಲದು.